ಕಾಮಣ್ಣನ ಪಾಲಾದ ಬ್ಯಾಟು

ಬೇಲಿಗೆ ನನ್ನ ಚಡ್ಡಿ ಸಿಕ್ಕಿಕೊಂಡಿತ್ತು. ಕೈಯಲ್ಲಿ ಶಿವಾನಂದ ಅಂಕಲ್ ಮನೆಯ ಮರದ ಕುರ್ಚಿ. ಬ್ಯಾಂಕಿನಲ್ಲಿ ಟೈ ಕಟ್ಟಿ ಕೂರುವ ನಮ್ಮಪ್ಪ ಕೆಳಗಿನಿಂದ ಪಿಸುಗುಟ್ಟಿದ: "ಚಡ್ಡಿ ಹರೀಲಿ ಬಿಡೋ. ಕುರ್ಚಿ ಬಿಡಬ್ಯಾಡ."

ತೊಂಬತ್ತರ ದಶಕದ ಸಿಡ್ನಿಯಲ್ಲಿ ನಮ್ಮ ಹೋಳಿ ಹೀಗಿತ್ತು. ನಾವು ಗಿರಾವೀನ್‌ನವರು, ಅಂಕಲ್ ಪಕ್ಕದ ಬಡಾವಣೆ ಪೆಂಡಲ್ ಹಿಲ್‌ನವರು. ಊರ ಕಡೆಯೂ ಇಬ್ಬರದು ಅಕ್ಕಪಕ್ಕದ ಕೋಟೆ ಊರುಗಳು, ನಡುವೆ ಒಂದು ಹಳ್ಳ. ರಾಜರ ಕಾಲದಲ್ಲಿ ಅವರ ಊರವರು ನಮ್ಮ ಕೋಟೆ ಬಾಗಿಲನ್ನೇ ಕಿತ್ತೊಯ್ದು ಕಾಮಣ್ಣನ ಜೊತೆ ಸುಟ್ಟರಂತೆ. ಅಂದಿನಿಂದ ಹೋಳಿ ಬಂದರೆ ಬಡಿದಾಟ. ಆ ಬಾಗಿಲಿನ ಸಿಟ್ಟು ವಿಮಾನ ಹತ್ತಿ ಇಲ್ಲಿಗೂ ಬಂದಿತ್ತು.

ಕಾಮಣ್ಣನನ್ನು ಸುಡುವ ಕಟ್ಟಿಗೆ ಕೊಳ್ಳುವ ಹಾಗಿಲ್ಲ, ಕದಿಯಬೇಕು. ಕದ್ದದ್ದು ರಾಶಿಗೆ ಬಿದ್ದ ಮೇಲೆ ವಾಪಸ್ ಕೇಳುವ ಹಾಗಿಲ್ಲ.

ಕುರ್ಚಿ ಹೊತ್ತು ಮನೆಗೆ ಬಂದರೆ ಗ್ಯಾರೇಜಿನಲ್ಲಿ ನನ್ನ ಬ್ಯಾಟಿಲ್ಲ. ವಾರವಾರ ಅಗಸೆ ಎಣ್ಣೆ ಹಚ್ಚಿ ಸಾಕಿದ್ದ ಬ್ಯಾಟು. ವಾಸನೆ ಮಾತ್ರ ಉಳಿದಿತ್ತು. ಶಿವಾನಂದ ಅಂಕಲ್ ಬಂದಿದ್ದರು, ತುಪ್ಪ ಹಾಕಿಸಿಕೊಂಡು ಎರಡು ಹೋಳಿಗೆ ತಿಂದು ಹೋದರು ಎಂದಳು ಅಮ್ಮ.

ಅಳುತ್ತಾ ಸೈಕಲ್ ತುಳಿದೆ. ಅವರ ಹಿತ್ತಲಲ್ಲಿ ಕಟ್ಟಿಗೆ ರಾಶಿ, ಮೇಲೆ ನನ್ನ ಬ್ಯಾಟು, ಅದರ ಮೇಲೆ ಕಾಗದದ ಕಾಮಣ್ಣ. ಅಂಕಲ್ ಕೈಯಲ್ಲಿ ಬೆಂಕಿಪೊಟ್ಟಣ.

"ಅಂಕಲ್, ದಟ್ಸ್ ಮೈ ಬ್ಯಾಟ್."

"ಆಗಿತ್ತಪಾ. ಈಗ ಕಾಮಣ್ಣಂದು."

ಅಷ್ಟರಲ್ಲಿ ಬೇಲಿಯಾಚೆ ಪಕ್ಕದ ಮನೆಯ ಬಿಳಿಯ ಮುದುಕನ ತಲೆ ಕಂಡಿತು. ಬಿಸಿಲು ಜಾಸ್ತಿ, ಇವತ್ತು ಎಲ್ಲೂ ಬೆಂಕಿ ಹಚ್ಚುವಂತಿಲ್ಲ, ಕಡ್ಡಿ ಗೀರಿದರೆ ಫೈರ್ ಬ್ರಿಗೇಡ್ ಕರೆಯುತ್ತೇನೆ ಎಂದ. ಅಂಕಲ್ ಪೊಟ್ಟಣವನ್ನು ಜೇಬಿಗೆ ಹಾಕಿದರು. ನಮ್ಮನೆಯಲ್ಲೂ ಅದೇ ಗತಿ. ಯಾವ ಊರೂ ಗೆಲ್ಲಲಿಲ್ಲ.

ಬ್ಯಾಟು ಮಾತ್ರ ಕೊಡಲಿಲ್ಲ. ಮುಂದಿನ ಹೋಳಿಗೆ ಸುಡುತ್ತಾರಂತೆ. ನಮ್ಮಪ್ಪನೂ ಅದೇ ಸರಿ ಎಂದ, ಬ್ಯಾಟು ವಾಪಸ್ ಪಡೆದರೆ ಕುರ್ಚಿ ಕೊಡಬೇಕಾಗುತ್ತದಲ್ಲ. ಮುಂದಿನ ಹೋಳಿಯೊಳಗೆ ಅಂಕಲ್ ಮೆಲ್ಬರ್ನ್ ಸೇರಿದರು. ಕದಿಯಲು ಪಕ್ಕದ ಊರೇ ಇಲ್ಲದ ಮೇಲೆ ಅಪ್ಪ ಹೋಳಿ ಬಿಟ್ಟ.

ಹೋದ ತಿಂಗಳು ಅವರನ್ನು ನೋಡಲು ಮೆಲ್ಬರ್ನ್‌ಗೆ ಹೋಗಿದ್ದೆ. ಅಂಕಲ್ ಕೂದಲೆಲ್ಲ ಬೆಳ್ಳಗಾಗಿದೆ.

"ನಿಮ್ಮಪ್ಪ ನನ್ನ ಕುರ್ಚಿ ಸುಟ್ಟನೇನು?"

"ಇಲ್ಲ ಅಂಕಲ್. ಅದ್ರ ಮೇಲೇ ಕೂತು ಟೀವಿ ನೋಡ್ತಾರೆ."

ಅಂಕಲ್ ಎದ್ದರು. "ಬ್ಯಾಟು ಕೇಳಿದ್ರ ಕೊಡಂಗಿಲ್ಲ ನೋಡು. ನಾ ಒಳಗ ಚಾ ಮಾಡ್ತೀನಿ. ಗ್ಯಾರೇಜಿಗೆ ಕೀಲಿ ಹಾಕಿಲ್ಲ."

ಬ್ಯಾಟು ಗೋಡೆಗೆ ಒರಗಿತ್ತು. ಹೊಸದಾಗಿ ಎಣ್ಣೆ ಹಚ್ಚಿದ್ದರು. ಈಗ ನನ್ನ ಸೊಂಟಕ್ಕೂ ಬರುವುದಿಲ್ಲ. ಕದ್ದು ಕಾರಿನಲ್ಲಿಟ್ಟೆ. ಹಿಂದೆ ತಿರುಗಿ ನೋಡಿದೆ. ಯಾರೂ ಅಟ್ಟಿಸಿಕೊಂಡು ಬರಲಿಲ್ಲ.