ತಟ್ಟೆ ಹಿಡಿಸುವ ಚೆನ್ಸೀನಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೇಂಟ್ ಆಲ್ಬನ್ಸ್ ಬಡಾವಣೆಯ ಈ ಬೀದಿಯಲ್ಲಿ, ನನ್ನನ್ನು ಬಿಟ್ಟರೆ, ಎಚ್ಚರವಾಗಿರುವುದು ಯಾರದೋ ನಾಯಿ ಮತ್ತು ಚೆನ್ಸೀನಾ ಮಿಫ್ಸೂದ್ ಮಾತ್ರ. ಹನ್ನೊಂದಕ್ಕೆ ಹರಾಜಾಗಲಿರುವ ಮರದ ಹಲಗೆಯ ಮನೆಯೆದುರು ಕಾರು ನಿಲ್ಲಿಸಿಕೊಂಡು, ಮೊಣಕಾಲು ನೀವುತ್ತಾ, ಹೆದ್ದಾರಿಯ ಲಾರಿಗಳ ಸದ್ದು ಇಲ್ಲಿಗೆ ಎಷ್ಟು ಬರುತ್ತದೆಂದು ಆಲಿಸುತ್ತಿದ್ದಾರೆ. ಪಕ್ಕದ ಸೀಟಿನಲ್ಲಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ, ಅದರ ತುಂಬ ಚೀಸ್ ತುಂಬಿ ಒಲೆಯಲ್ಲಿ ಬೇಯಿಸಿದ ಪಸ್ತೀತ್ಸಿ ಎಂಬ ಗರಿಗರಿ ತಿಂಡಿ.

"ಕೊಳ್ಳೋರಿಗೆ ಈ ಸದ್ದು ಕೇಳ್ಸಲ್ಲ. ಮನೆ ಮೇಲೆ ಪ್ರೀತಿ ಬಂದಿರತ್ತಲ್ಲ, ಕಿವಿ ಮುಚ್ಚೋಗಿರತ್ತೆ," ಎಂದು ಹಿಂದಿನ ಸೀಟಿನಲ್ಲಿ ಕೂತು ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾರೆ.

ಕೊಳ್ಳುವವರ ಪರವಾಗಿ ಹರಾಜಿನಲ್ಲಿ ಬೆಲೆ ಕೂಗುವುದು ಅವರ ಕಸುಬು. ಮಾರುವವರಿಗೆ ಏಜೆಂಟ್ ಇರುತ್ತಾನೆ, ಹರಾಜಿನ ಸುತ್ತಿಗೆ ಬಡಿಯುವವನೂ ಅವನೇ. ಕೊಳ್ಳುವವರಿಗೆ ಯಾರಿದ್ದಾರೆ? ವಾರಗಟ್ಟಲೆ ನಗುನಗುತ್ತಾ ಬಾಗಿಲು ತೆಗೆದು ತೋರಿಸಿದ ಅದೇ ಏಜೆಂಟನನ್ನು ನಮ್ಮವನೆಂದು ನಂಬಿ, ಕೈಯಲ್ಲಿರುವುದೆಷ್ಟೆಂದು ಬಾಯಿಬಿಡುತ್ತಾರೆ. ನಮ್ಮ ಜನಕ್ಕೆ ಕಾಫಿ ತಂದುಕೊಟ್ಟವರೆಲ್ಲ ನೆಂಟರು.

ಈ ಮನೆಯಲ್ಲೇ ಬಾಡಿಗೆಗಿರುವ ರೋಂಡಾ ಮಾಡಿದ್ದೂ ಅದನ್ನೇ. ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿಯುವವಳು, ಮಕ್ಕಳನ್ನು ಬೆಳೆಸಿದ್ದು ಇಲ್ಲೇ. ಮಾಲೀಕ ಮಾರುತ್ತಿದ್ದಾನೆಂದು ತಿಳಿದಾಗ, ತೀರಿಹೋದ ತಾಯಿ ಬಿಟ್ಟ ಗಂಟನ್ನು ಮುಂಗಡಕ್ಕೆ ತೆಗೆದಿಟ್ಟು, ಚೆನ್ಸೀನಾರನ್ನು ಗೊತ್ತುಮಾಡಿಕೊಂಡಳು. ಉಳಿದದ್ದಕ್ಕೆ ಸಾಲ ಕೊಡುವ ಬ್ಯಾಂಕು, ಇದರ ಮೇಲೆ ಕೊಡೆನೆಂದು ಒಂದು ಗೆರೆ ಎಳೆದಿದೆ. ಗೆರೆ ದಾಟಿ ಕೂಗಿ ಸುತ್ತಿಗೆ ಬಿದ್ದರೆ, ಇಲ್ಲಿ ಮಾತು ಹಿಂತೆಗೆಯುವ ಹಾಗಿಲ್ಲ. ಸಾಲ ಸಿಗದೆ ಮನೆಯೂ ಇಲ್ಲ, ಮುಂಗಡ ಕಟ್ಟಿದ ತಾಯಿಯ ಗಂಟೂ ಇಲ್ಲ.

ಚೆನ್ಸೀನಾ ಮೊದಲು ಇಂಥದ್ದೇ ಏಜೆಂಟರ ಕಚೇರಿಯಲ್ಲಿ ಫೋನು ಎತ್ತುತ್ತಿದ್ದರು. ಕೊಳ್ಳಲು ಬಂದವರು ಗುಟ್ಟಾಗಿ ಹೇಳಿದ್ದು ಮಾರುವವರ ಕಿವಿ ಸೇರುವುದನ್ನು ನೋಡಿ ನೋಡಿ ಬೇಸತ್ತು, ಪರವಾನಗಿ ಪಡೆದು ಈ ಕಡೆಗೆ ಬಂದರು. ಗಿರಾಕಿಗಳನ್ನು ಕಳಿಸಿದರೆ ಪಾಲು ಕೊಡುತ್ತೇವೆಂದು ಏಜೆಂಟರು ಈಗಲೂ ಆಸೆ ತೋರಿಸುತ್ತಾರೆ.

"ಎರಡು ದೋಣೀಲಿ ಕಾಲಿಡೋ ವಯಸ್ಸಾ ನಂದು? ಒಂದ್ರಲ್ಲಿ ನಿಲ್ಲೋಕೇ ಮೊಣಕಾಲು ನೋಯತ್ತೆ."

ತಟ್ಟೆಯ ಪದ್ಧತಿಗೆ ಒಬ್ಬ ಬಸ್ ಡ್ರೈವರ್ ಕಾರಣ. ಚೆನ್ಸೀನಾ ಅವನ ಪರವಾಗಿ ಕೂಗುತ್ತಿದ್ದಾಗ, ಹಿಂದೆ ನಿಂತಿದ್ದ ಆ ಪುಣ್ಯಾತ್ಮ ಮನೆ ಕೈತಪ್ಪೀತೆಂದು ಗಾಬರಿಯಾಗಿ ತಾನೂ ಕೈಯೆತ್ತಿದ. ತನ್ನ ಮೇಲೆ ತಾನೇ ಬೆಲೆ ಏರಿಸಿಕೊಂಡ! ಅಂದಿನಿಂದ ಅವರ ಗಿರಾಕಿಗಳು ಹರಾಜು ಮುಗಿಯುವ ತನಕ ಎರಡೂ ಕೈಯಲ್ಲಿ ತುಂಬಿದ ತಟ್ಟೆ ಹಿಡಿದು ನಿಲ್ಲಬೇಕು.

ಹನ್ನೊಂದಕ್ಕೆ ಬೀದಿ ತುಂಬುತ್ತದೆ. ಕೊಳ್ಳಲು ಬಂದವರು ನಾಲ್ಕೈದು ಜನ, ಮಿಕ್ಕವರು ನಾಯಿ, ಮಕ್ಕಳ ಸಮೇತ ಬಿಟ್ಟಿ ತಮಾಷೆ ನೋಡಲು ಬಂದ ನೆರೆಹೊರೆ. ಚೆನ್ಸೀನಾ ಗೆರೆಯವರೆಗೂ ಕೂಗುತ್ತಾರೆ. ಕನ್ನಡಕದ ಯುವಕನೊಬ್ಬ ಅದರ ಮೇಲೊಂದು ಕೂಗುತ್ತಾನೆ. ಚೆನ್ಸೀನಾ ಎರಡೂ ಕೈ ಕೋಟಿನ ಜೇಬಿಗೆ ಸೇರಿಸುತ್ತಾರೆ. ಅವರನ್ನು ಬಿಟ್ಟು ಏಜೆಂಟ್ ಡ್ಯಾರೆನ್ ನೇರ ಬೇಲಿಯ ಬಳಿ ತಟ್ಟೆ ಹಿಡಿದು ನಿಂತವಳ ಕಡೆ ತಿರುಗುತ್ತಾನೆ.

"ರೋಂಡಾ, ಬಂಗಾರ, ನಿನ್ನ ಮನೆ ಇದು! ಇನ್ನೊಂದೇ ಒಂದ್ಸಲ ಏರ್ಸು!"

ನೆರೆಹೊರೆಯವರು ಚಪ್ಪಾಳೆ ತಟ್ಟುತ್ತಾರೆ. ನನಗೆ ಮೈ ಉರಿಯುತ್ತದೆ. ಇವರ ಗಂಟೇನು ಹೋಗುತ್ತದೆ?

"ಚೆನ್ಸೀನಾ, ಇದನ್ನ ಹಿಡ್ಕೋ," ರೋಂಡಾ ತಟ್ಟೆ ಚಾಚುತ್ತಾಳೆ.

"ಹಿಡ್ಕೊಳ್ಳಲ್ಲ."

"ಹಿಡ್ಕೋ ಅಂದ್ನಲ್ಲ! ನನ್ನ ಮನೆ ಅದು!"

"ಬ್ಯಾಂಕ್‌ನೋರು ಕೊಡಲ್ಲ ಮಗಳೇ. 'ನಾನು ಬೇಡ್ಕೊಂಡ್ರೂ ಬಿಡ್ಬೇಡ' ಅಂತ ನೀನೇ ಹೇಳಿದ್ದೆ."

ತಟ್ಟೆಯನ್ನು ಎಸೆಯಬಹುದಿತ್ತು. ಆದರೆ ಇಷ್ಟು ವರ್ಷ ಅಡುಗೆಮನೆಯಲ್ಲಿ ದುಡಿದವಳಿಗೆ ತಿನ್ನುವ ಪದಾರ್ಥವನ್ನು ನೆಲಕ್ಕೆ ಚೆಲ್ಲಲು ಮನಸ್ಸು ಬರುವುದಿಲ್ಲ. ಅಷ್ಟರಲ್ಲಿ ಕನ್ನಡಕದವನ ಕೂಗಿಗೆ ಸುತ್ತಿಗೆ ಬೀಳುತ್ತದೆ. ರೋಂಡಾ ತಟ್ಟೆಯನ್ನು ಕಾರಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಜನ ಚದುರಿದ ಮೇಲೆ ಚೆನ್ಸೀನಾ ಕಾರಿನಲ್ಲಿ ಕುಸಿದು ಕೂರುತ್ತಾರೆ. ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ.

"ಒಂದು ಶನಿವಾರ ಮಧ್ಯಾಹ್ನದ ತನಕ ನಿದ್ದೆ ಮಾಡ್ಬೇಕು. ಇನ್ನೇನು?"

ಮುಚ್ಚಿದ ಬಾಗಿಲನ್ನೇ ನೋಡುತ್ತಾ ತಣ್ಣಗಾದ ಒಂದು ಪಸ್ತೀತ್ಸಿಯನ್ನು ನನ್ನ ಕೈಗಿಡುತ್ತಾರೆ.

"ಬೈಕೊಳ್ಳಲಿ ಬಿಡು. ಅವಳಮ್ಮನ ಗಂಟು ಇನ್ನೂ ಅವಳ ಹತ್ರಾನೇ ಇದೆಯಲ್ಲ."