ಆ ಬಾಯಲ್ಲ

ನಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ನಾಚಿಕೆ ಜಾಸ್ತಿ. ‘ಗರ್ಭಕೋಶದ ಬಾಯಿ’ ಎಂದು ಪೂರ್ತಿ ಹೇಳಲು ನಾಲಿಗೆ ಏಳದೆ, ಮಗ್ಗಗಳ ಸದ್ದಿನ ನಡುವೆ ಬಾಗಿಲಿಗೆ ಬಂದು, “ನಾಳೆ ಶಾಲೆ ಹತ್ರ ಬಾಯಿ ಫೋಟೋ ತೆಗೀತಾರೆ ಕಣಕ್ಕ, ಕ್ಯಾನ್ಸರ್ ಐತಾ ಅಂತ ಕಂಪ್ಯೂಟರೇ ನೋಡ್ತದೆ, ಹೆಂಗಸ್ರೆಲ್ಲ ಬನ್ನಿ” ಎಂದು ಓಡಿದಳು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲೆ ಅಡಿಕೆ ಹಾಕದ ಬಾಯಿಯೇ ಕಡಿಮೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ನಾನೂ ಎದುರು ಮನೆಯವಳೂ ಇದ್ದಿಲು, ಉಪ್ಪು ಹಾಕಿ ವಸಡು ಕಿತ್ತುಬರುವ ಹಾಗೆ ಹಲ್ಲುಜ್ಜಿದೆವು. ಫೋಟೋ ಅಂದಮೇಲೆ ರೇಷ್ಮೆ ಸೀರೆ, ಕನಕಾಂಬರ ಬೇರೆ.

ಶಾಲೆ ಹತ್ತಿರದ ಕ್ಯಾಂಪಿನೊಳಗೆ ಹೋದರೆ ನರ್ಸ್ “ಮಲಗಿ” ಎಂದಳು. ಮಲಗಿ ಬಾಯಿ ಅಗಲಿಸಿದೆ.

“ಮುಚ್ಚಿ ಅಕ್ಕ. ಆ ಬಾಯಲ್ಲ.”

ಬಾಗಿಲಲ್ಲಿ ನಿಂತಿದ್ದ ಎದುರು ಮನೆಯವಳು ತನಗೆ ಗೊತ್ತಿದ್ದ ಒಂದೇ ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡು ಪರಾರಿಯಾದಳು. ನಾನೂ ಓಡುತ್ತಿದ್ದೆ, ಆದರೆ ಮಲಗಿಬಿಟ್ಟಿದ್ದೆ.

ನನ್ನ ಕೆಲಸ ಸೀರೆ ಚೆಕಿಂಗ್. ಮಗ್ಗದಿಂದ ಇಳಿದ ಸೀರೆಯನ್ನು ಟ್ಯೂಬ್‌ಲೈಟಿಗೆ ಹಿಡಿದು, ತಪ್ಪು ಕಂಡಲ್ಲಿ ಸೀಮೆಸುಣ್ಣದಲ್ಲಿ ಸುತ್ತು ಹಾಕುವುದು. ನೇಕಾರರು “ಲೈಟ್ ಬಿದ್ದಿರೋದು ಕಣಕ್ಕ” ಎಂದು ವಾದಿಸುತ್ತಾರೆ. “ಲೈಟಾದ್ರೆ ತಿರುಗಿಸಿದ್ರೆ ಸರೀತದೆ, ಡ್ಯಾಮೇಜ್ ಆದ್ರೆ ಅಲ್ಲೇ ಇರ್ತದೆ” ಎನ್ನುವುದು ನನ್ನ ಖಾಯಂ ಉತ್ತರ.

ನರ್ಸ್ ಹುಳಿ ವಾಸನೆಯ ಏನನ್ನೋ ಹಚ್ಚಿ ಫೋಟೋ ತೆಗೆದಳು. ಪಕ್ಕದ ಪರದೆಯ ಮೇಲೆ, ನಲವತ್ತೆರಡು ವರ್ಷ ನಾನು ಮುಖ ನೋಡದ ನನ್ನದೇ ಜಾಗ. ಕಂಪ್ಯೂಟರು ಎರಡು ಬಿಳಿ ಮಚ್ಚೆಗಳಿಗೆ ಹಳದಿ ಸುತ್ತು ಹಾಕಿತು. ಪಿತ್ತ ನೆತ್ತಿಗೇರಿತು.

“ಲೈಟ್ ಬಿದ್ದಿರೋದು ಕಣಮ್ಮ! ಯಾರು ಇದಕ್ಕೆ ಚೆಕಿಂಗ್ ಕಲಿಸಿದ್ದು?”

ಅವಳು ಬೆಳಕನ್ನು ಓರೆ ಮಾಡಿ ಮತ್ತೆ ತೆಗೆದಳು. ಒಂದು ಸುತ್ತು ಮಾಯ. ಗೆದ್ದೆ ಎಂದು ಬೀಗಿದೆ. ಇನ್ನೊಂದು ಅಲ್ಲೇ ಇತ್ತು. ಇನ್ನೊಮ್ಮೆ ತೆಗೆಸಿದೆ. ಅಲ್ಲೇ ಇತ್ತು.

“ಕಂಪ್ಯೂಟರ್‌ದು ಅನುಮಾನ ಅಷ್ಟೇ ಅಕ್ಕ, ಡಾಕ್ಟ್ರು ಪರೀಕ್ಷೆ ಮಾಡಿ ಹೇಳ್ಬೇಕು” ಎಂದಳು. ಡ್ಯಾಮೇಜ್ ಅಲ್ಲೇ ಇರ್ತದೆ ಅಂದವಳು ನಾನೇ. ಕನಕಾಂಬರ ಮುಡಿದುಕೊಂಡೇ ಅತ್ತೆ.

ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಆಗಬಹುದಿತ್ತು ಎಂದರು. ಆ ಜಾಗವನ್ನು ಸುಟ್ಟು ತೆಗೆದರು.

ಮೊನ್ನೆ ಆಶಾ ಮತ್ತೆ ಬಂದು ಬೀದಿಯಲ್ಲಿ “ಬಾಯಿ... ಬಾಯಿ...” ಎಂದು ತಡವರಿಸುತ್ತಿದ್ದಳು. ತಡೆಯಲಾಗದೆ ಮಗ್ಗಗಳ ಸದ್ದನ್ನೂ ಮೀರಿಸಿ ಕಿರುಚಿದೆ: “ಗರ್ಭಕೋಶದ ಬಾಯಿ ಕಣ್ರೇ! ನನ್ನದ್ರಲ್ಲಿ ಇತ್ತು! ಸುಟ್ಟು ತೆಗೆದ್ರು!”

ಮೊದಲ ಮಾತಿಗೇ ಕರೆಂಟು ಹೋಗಿತ್ತು. ಮಗ್ಗಗಳೆಲ್ಲ ಗಪ್ಪನೆ ನಿಂತು, ಇಡೀ ಬೀದಿಗೆ ನನ್ನ ಗರ್ಭಕೋಶ ಕೇಳಿಸಿತು. ಗಂಡಸರು ಮಗ್ಗದ ಕಡೆ ತಲೆ ಬಗ್ಗಿಸಿದರು. ಮಾನ ಹೋಯಿತು ಎಂದುಕೊಂಡೆ.

ಎದುರು ಮನೆಯ ಬಾಗಿಲು ಸ್ವಲ್ಪವೇ ತೆರೆಯಿತು.

“ನಂಗೂ ಆರು ತಿಂಗ್ಳಿಂದ ಸರಿ ಇಲ್ಲ ಕಣಕ್ಕ” ಎಂದಳು ಅವಳು. “ಜೊತೇಲಿ ಬರ್ತೀಯಾ?”