ಅಗಾಫ್ಯಾ ಹಾಡುವುದಿಲ್ಲ

ಮಂದಾಕಿನಿಗೆ ಸಿಟ್ಟು ಬಂದರೆ ಧ್ವನಿ ಏರುವುದಿಲ್ಲ, ತಗ್ಗುತ್ತದೆ. ಹುಬ್ಬಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿದವಳು. ಆ ತಗ್ಗಿದ ಧ್ವನಿ ಕಿವಿಗೆ ಬಿದ್ದರೆ ಹಿಂದಿನ ಬೆಂಚಿನವರೂ ತೆಪ್ಪಗಾಗುತ್ತಿದ್ದರು. ಕಳೆದ ವರ್ಷ ಮೇ ತಿಂಗಳಲ್ಲಿ, ನವನಗರದ ಒಂದು ಮನೆಯ ಮೇಲಂತಸ್ತಿನಲ್ಲಿ, ಕಂಪ್ಯೂಟರ್ ಮುಂದೆ ಕೂತು, ಆಕೆ ತನ್ನ ಹಳೆಯ ವಿದ್ಯಾರ್ಥಿ ಸಂಕೇತನನ್ನು ಅದೇ ಧ್ವನಿಯಲ್ಲಿ ಕೇಳಿದಳು.

"ಆಕಿ ಯಾಕ ಹಾಡ್ಲಿಕ್ಹತ್ಯಾಳ?"

ಆಕಿ ಅಂದರೆ ಅಗಾಫ್ಯಾ. ನೂರೈವತ್ತು ವರ್ಷ ಹಳೆಯದೊಂದು ರಷ್ಯನ್ ಒಪೆರಾದ ನಾಯಕಿ. ಒಪೆರಾ ಅಂದರೆ ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ಅದನ್ನು ಸಂಕೇತ ಮತ್ತು ಅವನ ಸ್ಟುಡಿಯೋದ ಹುಡುಗರು ವಿಡಿಯೋ ಗೇಮ್ ಮಾಡಲು ಹೊರಟಿದ್ದರು. ಕಥೆ ಇಷ್ಟೇ: ಅಗಾಫ್ಯಾ ಒಬ್ಬ ಜಮೀನ್ದಾರನ ಮನೆಯ ಜೀತದಾಳು, ಅಡುಗೆಮನೆಯವಳು, ಅದ್ಭುತ ಕಂಠದವಳು. ಜಮೀನ್ದಾರ ಅವಳನ್ನು ಇನ್ನೊಬ್ಬ ಶ್ರೀಮಂತನಿಗೆ ಮಾರುವ ಮೊದಲು ಒಂದು ಔತಣ ಇಟ್ಟು, ಬಂದವರ ಮುಂದೆ ಹಾಡು ಅನ್ನುತ್ತಾನೆ. ಅವಳು ಹಾಡುವುದಿಲ್ಲ. ಗದರಿಸುತ್ತಾರೆ, ಪುಸಲಾಯಿಸುತ್ತಾರೆ, ಆಸೆ ತೋರಿಸುತ್ತಾರೆ. ಇಡೀ ಕೊನೆಯ ಅಂಕದಲ್ಲಿ ಉಳಿದವರೆಲ್ಲ ಹಾಡುತ್ತಾರೆ, ನಾಯಕಿ ಮಾತ್ರ ನಡುಮನೆಯಲ್ಲಿ ಬಾಯಿ ಮುಚ್ಚಿ ನಿಂತಿರುತ್ತಾಳೆ. ಕಡೆಗೆ ಅವಳನ್ನು ಉಪ್ಪಿನ ಗಣಿಗೆ ಅಟ್ಟುತ್ತಾರೆ. ಪರದೆ ಬೀಳುತ್ತದೆ.

ಆಕೆಯ ಊರಾದ ಧಾರವಾಡದಲ್ಲಿ ಈ ಒಪೆರಾವನ್ನು ಮೂಲ ಭಾಷೆಯಲ್ಲಿ ಓದಬಲ್ಲವರು ಮಂದಾಕಿನಿಯನ್ನು ಬಿಟ್ಟರೆ ಯಾರಿದ್ದರೋ. ಎಂಬತ್ತರ ದಶಕದಲ್ಲಿ, ರಷ್ಯಾದ ಪುಸ್ತಕಗಳು ಅಗ್ಗದಲ್ಲಿ ಸಿಗುತ್ತಿದ್ದ ಕಾಲದಲ್ಲಿ, ಆಕೆ ಸಂಜೆ ತರಗತಿಗೆ ಹೋಗಿ ಆ ಭಾಷೆ ಕಲಿತಿದ್ದಳು. ಮುಂದೆ ಆ ದೇಶವೇ ಒಡೆದು ಹೋಯಿತು. ಆಕೆಯ ರಷ್ಯನ್ನನ್ನು ಕೇಳುವವರೇ ಇಲ್ಲವಾದರು. ಅದೇ ದಿನಗಳಲ್ಲಿ ಮಾಳಮಡ್ಡಿಯ ಗೋದಾಬಾಯಿಯವರ ಹತ್ತಿರ ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದಳು. ಹಾಡುವುದನ್ನು ಬಿಟ್ಟಿರಲಿಲ್ಲ, ಆದರೆ ಸಭೆಯಲ್ಲಿ ಹಾಡಿದ್ದು ಕಡಿಮೆ.

ಅದಕ್ಕೆ ಕಾರಣವಿತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಏಳು ಸಲ ಆಕೆಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಏಳೂ ಸಲ ಉಪ್ಪಿಟ್ಟು, ಶಿರಾ ತಿಂದು ಮುಗಿಸಿ, ಬೆರಳು ಒರೆಸಿಕೊಳ್ಳುತ್ತ, "ಒಂದ ಹಾಡು ಅನ್ನವಾ" ಎಂದಿದ್ದರು. ಏಳೂ ಸಲ ಹಾಡಿದ್ದಳು. ಎಂಟನೆಯ ಸಲ ಕೂತ ಚಾಪೆಯ ಮೇಲೆ ತುಟಿ ಬಿಚ್ಚಲಿಲ್ಲ. ಅಪ್ಪ ಎರಡು ಸಲ ಕಣ್ಣು ಕೆಕ್ಕರಿಸಿದ. ಅವ್ವ ತಂಬೂರಿ ಮುಂದೆ ಸರಿಸಿದಳು. ವರನ ಸೋದರಮಾವ ನಕ್ಕು, "ಹುಡುಗಿ ಮೂಗಿ ಏನ್ರಿ?" ಎಂದ. ಆಮೇಲೆ ಮನೆಯಲ್ಲಿ ಮದುವೆಯ ಮಾತು ನಿಂತೇ ಹೋಯಿತು. ಅಪ್ಪ ಆರು ತಿಂಗಳು ಮಗಳ ಜೊತೆ ಮಾತಾಡಲಿಲ್ಲ. ಮರುವರ್ಷ ರಷ್ಯನ್ ತರಗತಿಯಲ್ಲಿ ಆ ಒಪೆರಾದ ಪುಸ್ತಕ ಕೈಗೆ ಬಂದಾಗ, ಕೊನೆಯ ಅಂಕ ಓದಿ, ಮಂದಾಕಿನಿ ಅದನ್ನು ಮುಚ್ಚಿ ಎಷ್ಟೋ ಹೊತ್ತು ಎದೆಗೆ ಒತ್ತಿಕೊಂಡು ಕೂತಿದ್ದಳು. ಇದನ್ನ ಬರದಾವ ನನ್ನ ನೋಡ್ಯಾನೇನು ಅನಿಸಿತ್ತು.

ಹಾಗಾಗಿ ಸಂಕೇತ ಬಂದು, "ಟೀಚರ್, ಒಂದು ರಷ್ಯನ್ ಕಥಿ ಬೇಕಾಗ್ಯದರಿ, ಸಂಗೀತ ಇರೋದು" ಎಂದಾಗ ಆ ಒಪೆರಾ ಹೇಳಿಕೊಟ್ಟವಳು ಆಕೆಯೇ. ನಾಲ್ಕು ತಿಂಗಳು ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಓಡುವ ಚಿಗರಿ ಬಸ್ಸು ಹತ್ತಿ ನವನಗರದ ಸ್ಟುಡಿಯೋಗೆ ಬಂದಳು. ಹಾಡುಗಳನ್ನೆಲ್ಲ ಕನ್ನಡಕ್ಕೆ ತಂದಳು. ಮೊದಲ ಮೂರು ಅಂಕಗಳ ಅಗಾಫ್ಯಾಗೆ ತಾನೇ ಧ್ವನಿ ಕೊಟ್ಟಳು. ಪರದೆಯ ಮೇಲೆ ಹಿಮ, ಕಿವಿಯಲ್ಲಿ ಕನ್ನಡ, ರಾಗ ಗೋದಾಬಾಯಿಯವರು ಕಲಿಸಿದ್ದು. ಅರವತ್ತೆರಡರಲ್ಲಿ ತನ್ನ ಕಂಠ ಹೀಗೆ ಬಿಚ್ಚಿಕೊಂಡೀತು ಎಂದು ಆಕೆಗೇ ಗೊತ್ತಿರಲಿಲ್ಲ. ಧ್ವನಿ ಮುದ್ರಿಸುತ್ತಿದ್ದ ಮಹೆಕ, ಹಳೇ ಹುಬ್ಬಳ್ಳಿಯ ಹುಡುಗಿ, ಕೊನೆಯ ದೃಶ್ಯದ ಕೆಲಸವೂ ಅವಳದೇ, ಒಮ್ಮೊಮ್ಮೆ ಕಿವಿಯ ಹೆಡ್‌ಫೋನ್ ತೆಗೆಯಲು ಮರೆತು ಕೂತುಬಿಡುತ್ತಿದ್ದಳು.

ಮೇ ತಿಂಗಳ ಆ ದಿನ ಆಟ ಪೂರ್ತಿಯಾಗಿದೆ, ನೋಡಿ ಎಂದು ಕರೆದಿದ್ದರು. ಕೊನೆಯ ಅಂಕ. ಔತಣದ ಕೋಣೆ, ಮೇಣದ ದೀಪಗಳು, ನಡುವೆ ಅಗಾಫ್ಯಾ. ಪರದೆಯ ಕೆಳಗೆ ಒಂದು ಬಂಗಾರ ಬಣ್ಣದ ಪಟ್ಟಿ. ಬಟನ್ ಒತ್ತಿದಷ್ಟೂ ಪಟ್ಟಿ ತುಂಬುತ್ತದೆ. ತುಂಬಿದೊಡನೆ ಅಗಾಫ್ಯಾ ಬಾಯಿ ತೆರೆದು ಹಾಡಿದಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ಜಮೀನ್ದಾರ ಕಣ್ಣೊರೆಸಿಕೊಂಡು ಅವಳನ್ನು ಬಿಡುಗಡೆ ಮಾಡಿದ. 'ನೀವು ಗೆದ್ದಿರಿ' ಎಂದು ಅಕ್ಷರ ಮೂಡಿತು.

ಹಾಡಿದ್ದು ಮಂದಾಕಿನಿಯ ಧ್ವನಿಯಲ್ಲಿ. ಮೊದಲ ದಿನ, ಮೈಕು ಸರಿಯಿದೆಯೋ ಇಲ್ಲವೋ ನೋಡೋಣ ಎಂದು ಸುಮ್ಮನೆ ಹಾಡಿಸಿದ್ದ ಆಲಾಪ ಅದು.

"ಆಕಿ ಯಾಕ ಹಾಡ್ಲಿಕ್ಹತ್ಯಾಳ?" ಎಂದು ಕೇಳಿದ್ದು ಆಗ.

"ಟೀಚರ್, ಆಡೋರು ಮೂರು ತಾಸು ಕಷ್ಟಪಟ್ಟು ಅಲ್ಲೀತನಕ ಬಂದಿರ್ತಾರರಿ," ಎಂದ ಸಂಕೇತ. "ಕಡೀಕ ಆಕಿ ಸುಮ್ಮನ ನಿಂತ್ರ ಅವರಿಗೆ ಏನ ಸಿಕ್ಕಂಗಾತು? ಗೆದ್ದೇನಿ ಅನಸಬೇಕಲ್ಲರಿ."

"ಗೆದ್ದವರು ಯಾರು, ಸಂಕೇತ?"

"ಅಗಾಫ್ಯಾನ. ಬಿಡುಗಡಿ ಆತಲ್ಲರಿ."

"ಮಂದಿ ಮುಂದ ಹಾಡಸಬೇಕು ಅಂತ ಹಟ ಹಿಡದಾವ ಜಮೀನ್ದಾರ. ನೀ ಆಟ ಆಡೋರ ಕೈಯಾಗ ಬಟನ್ ಕೊಟ್ಟು ಅವನ ಕೆಲಸಾ ಮಾಡಸ್ಲಿಕ್ಹತ್ತೀ. ನಾ ಹಾಡಿದ್ದು ಮೈಕ್ ನೋಡ್ಲಿಕ್ಕೆ. ನನ್ನ ಕೇಳದ ಅದನ್ನ ಆಕಿ ಬಾಯಾಗ ತುರುಕೀದಿ."

ಸಂಕೇತ ಮೇಜಿನ ಮೇಲಿನ ಕಾಗದದ ಕಡೆ ನೋಡಿದ. ಸ್ಟುಡಿಯೋದಲ್ಲಿ ಮುದ್ರಿಸಿದ ಧ್ವನಿಯೆಲ್ಲ ಸ್ಟುಡಿಯೋದ್ದು ಎಂದು ಆಕೆ ಸಹಿ ಮಾಡಿದ ಕಾಗದ. ಅವನು ಅದನ್ನು ಎತ್ತಿ ತೋರಿಸಲಿಲ್ಲ. ನೋಡಿದ ಅಷ್ಟೇ. ಮಂದಾಕಿನಿಗೆ ಅದು ಕಪಾಳಕ್ಕೆ ಹೊಡೆದಂತಾಯಿತು.

ಮರುದಿನ ಹತ್ತು ಗಂಟೆಗೆ ಮತ್ತೆ ಬಂದಳು. ಸಂಕೇತನ ಮೇಜಿನ ಎದುರು ಕುರ್ಚಿ ಎಳೆದುಕೊಂಡು, "ಆ ಬಟನ್ ತಗಿ" ಎಂದಳು. ಅವನು ಆಗುವುದಿಲ್ಲ ಎಂದ. ಐದು ಗಂಟೆಯ ತನಕ ಕೂತು, ಮನೆಗೆ ಹೋಗಿ, ಮರುದಿನ ಮತ್ತೆ ಬಂದಳು. ಅವನ ಫೋನು ಬಂದರೂ, ಮಂದಿ ಬಂದರೂ ಎದ್ದು ಹೊರಗೆ ಹೋಗಲಿಲ್ಲ. ಯಾರಾದರೂ ಯಾರಿವರು ಎಂದರೆ ಇಡೀ ಕಥೆ ಮೊದಲಿನಿಂದ ಹೇಳಿದಳು. ಬಂದವರಲ್ಲಿ ಕೆಲವರು ತಲೆ ಕೆರೆದುಕೊಂಡರು. ಒಬ್ಬ, "ಹಾಡಿದ್ರ ಏನಾತು ಬಿಡ್ರಿ, ಆಟ ಅಲ್ಲೇನ್ರಿ" ಎಂದ. ಅವನಿಗೆ ಆಕೆ ಕೊಟ್ಟ ಉತ್ತರಕ್ಕೆ ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಐದನೆಯ ದಿನ ಸಂಕೇತನ ತಾಳ್ಮೆ ಮುಗಿಯಿತು. "ಟೀಚರ್, ಬಟನ್ ತಗ್ಯಾಂಗಿಲ್ಲರಿ. ನಿಮ್ಮ ಧ್ವನಿ ಬ್ಯಾಡ ಅಂದ್ರ ತಗೀತೀನಿ. ಆದ್ರ ತಗದ್ರ ಎಲ್ಲಾ ತಗೀಬೇಕು, ಮೊದಲ ಮೂರು ಅಂಕದ್ದೂನು. ಒಂದ ಪಾತ್ರಕ್ಕ ಎರಡು ಧ್ವನಿ ಆಗೂದಿಲ್ಲ."

ಇದಕ್ಕೆ ಆಕೆ ಹೆದರಿ ಸುಮ್ಮನಾಗುತ್ತಾಳೆ ಎಂದೇ ಅವನ ಲೆಕ್ಕ. ಆಕೆ ಬೆರಳು ಮಡಿಚಿ ಮನಸ್ಸಿನಲ್ಲೇ ಎಣಿಸಿದಳು. ಅಡುಗೆಮನೆಯ ಹಾಡು, ಹಿಮದಲ್ಲಿ ಕಟ್ಟಿಗೆ ಆರಿಸುವ ಹಾಡು, ಅವ್ವನನ್ನು ನೆನೆಯುವ ಹಾಡು. ಜೀವಮಾನದಲ್ಲಿ ಅಷ್ಟು ಚಂದ ಮತ್ತೆ ಹಾಡಲಾರಳು.

"ತಗಿ," ಎಂದಳು. "ನನ್ನ ಮುಂದ ತಗೀಬೇಕು."

ಮಹೆಕ ಕಂಪ್ಯೂಟರ್ ಮುಂದೆ ಕೂತಳು. ಪಕ್ಕದಲ್ಲಿ ಮಂದಾಕಿನಿ. ಹುಡುಗಿ ಒಂದೊಂದೇ ಹಾಡು ಅಳಿಸಿದಳು. ಎಲ್ಲ ಮುಗಿದು ಸಂಕೇತ ಎದ್ದು ಹೊರಗೆ ಹೋದ ಮೇಲೆ ಅವಳು ಸಣ್ಣ ದನಿಯಲ್ಲಿ, "ಮೇಡಂ, ನಾ ಬ್ಯಾರೆ ಒಂದು ಮಾಡಿಟ್ಟೇನ್ರಿ, ನೋಡ್ರಿ" ಎಂದು ಆಟದ ಇನ್ನೊಂದು ಮುಕ್ತಾಯ ತೆರೆದು ತೋರಿಸಿದಳು. ಅದರಲ್ಲಿಯೂ ಬಟನ್ ಇತ್ತು. ಎಷ್ಟು ಒತ್ತಿದರೂ ಅಗಾಫ್ಯಾ ಬಾಯಿ ತೆರೆಯುತ್ತಿರಲಿಲ್ಲ. ಒತ್ತಿದಷ್ಟೂ ಜಮೀನ್ದಾರನ ಮುಖ ಕೆಂಪಾಗುತ್ತಿತ್ತು. ಆಡುವವರು ಬೇಸತ್ತು ಕೈ ತೆಗೆದ ಮೇಲೆ ಮಾತ್ರ ಅವಳು ತಾನೇ ತಿರುಗಿ, ಬಾಗಿಲು ತೆರೆದು, ಹಿಮದೊಳಗೆ ನಡೆದು ಹೋಗುತ್ತಿದ್ದಳು.

ಮಂದಾಕಿನಿ ಎರಡು ಸಲ ಅದನ್ನು ನೋಡಿದಳು. ಎಷ್ಟು ಸರಿಯಾಗಿ ಮಾಡಿದ್ದಾಳೆ ಈ ಹುಡುಗಿ ಅನಿಸಿತು. ಅದರ ಬೆನ್ನಿಗೇ ಸಿಟ್ಟು ಬಂತು.

"ಇದನ್ನ ಐದು ದಿನದ ಹಿಂದ ಯಾಕ ತೋರಿಸಲಿಲ್ಲ?"

"ನೌಕರಿ ಹೋಗತಿತ್ರಿ ಮೇಡಂ. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿನ ಅದೇನಿ."

ಮಾತು ನಿಜವೆಂದು ಮಂದಾಕಿನಿಗೆ ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ. ಹುಡುಗಿಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಮೆಟ್ಟಿಲಿಳಿದಳು.

ಆಗಸ್ಟಿನಲ್ಲಿ ಆಟ ಹೊರಗೆ ಬಂತು. ಧ್ವನಿ ಬೇರೆ ಯಾರದೋ, ಬಟನ್ ಮೊದಲಿನದೇ. ಚೆನ್ನಾಗಿ ಓಡಿತು. ನಮ್ಮೂರ ಹುಡುಗರ ಸಾಧನೆ ಎಂದು ಒಂದು ಪತ್ರಿಕೆ ಅರ್ಧ ಪುಟ ಬರೆಯಿತು. ಮಂದಾಕಿನಿ ಆ ಪತ್ರಿಕೆಗೆ ಮೂರು ಪುಟದ ಪತ್ರ ಹಾಕಿದಳು. ಅವರು ನಾಲ್ಕು ಸಾಲು ಅಚ್ಚು ಹಾಕಿದರು. ಅದರಲ್ಲಿ ಕೊನೆಯ ಅಂಕದ ಮಾತೇ ಇರಲಿಲ್ಲ. ಆಕೆ ಇಡೀ ಒಪೆರಾವನ್ನು ಟಿಪ್ಪಣಿ ಸಮೇತ ಕನ್ನಡದಲ್ಲಿ ಹೊಸದಾಗಿ ಬರೆಯಲು ಕೂತಳು.

ದಸರೆಯ ದಿನ ಸಂಜೆ ಸಂಕೇತ ಆಕೆಯ ಮನೆಗೆ ಬನ್ನಿ ಎಲೆ ಹಿಡಿದು ಬಂದ. ಹೊಸ ಅಂಗಿ, ಹಣೆಗೆ ಕುಂಕುಮ. ಬಾಗಿಲಲ್ಲೇ ಬಗ್ಗಿ ಕಾಲು ಮುಟ್ಟಿ, "ಬನ್ನಿ ತೊಗೊಂಡು ಬಂಗಾರದ್ಹಂಗ ಇರೋಣ್ರಿ ಟೀಚರ್" ಎಂದ. ಹಬ್ಬದ ದಿನ ಕೈಗೆ ಬಂದ ಬನ್ನಿಯನ್ನು ಬೇಡ ಅನ್ನುವುದುಂಟೇ, ಎರಡೂ ಕೈಯಲ್ಲಿ ತೆಗೆದುಕೊಂಡಳು. ಛಲೋ ಆಗಲಿ ಎಂದು ಹರಸಿದಳು. ಆಮೇಲೆ ಕೇಳಿದಳು.

"ಆ ಬಟನ್ ಇನ್ನೂ ಅದ ಏನು?"

ಅವನು ತನ್ನ ಚಪ್ಪಲಿ ನೋಡಿಕೊಂಡ. "ಅದರಿ."

"ಹಂಗಾದ್ರ ಚಹಾ ಇಲ್ಲ. ಅದನ್ನ ತಗದ ದಿನ ಬಾ, ಊಟಾನ ಹಾಕ್ತೀನಿ."

ಅವನು ಇನ್ನೂ ಮೆಟ್ಟಿಲ ಮೇಲೆ ಇರುವಾಗಲೇ ಬಾಗಿಲು ಹಾಕಿಕೊಂಡು, ದೀಪ ಹೊತ್ತಿಸಿ, ಎರಡನೆಯ ಅಂಕ ಬರೆಯಲು ಕೂತಳು.